ರಕ್ತನಾಳದೊಳಗೆ ಇಳಿಯುವ ಕಣ್ಣು

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)



ವಿದ್ಯಾರ್ಥಿವೇತನದ ಸಭೆಯಲ್ಲಿ ಹೃದಯದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಎರಡಿದೆ. ಒಂದು, ನಮ್ಮ ಜಿಲ್ಲೆ ಈಚೆಗೆ ಕಂಡ ಭಯ. ಇನ್ನೊಂದು, ಇಲ್ಲಿ ಕುಳಿತಿರುವ ಮಕ್ಕಳ ಮುಂದಿರುವ ಒಂದು ಅವಕಾಶ. ಎರಡನ್ನೂ ಒಂದೇ ಎಳೆಯಲ್ಲಿ ಹೇಳುತ್ತೇನೆ. ನಾನು ವೈದ್ಯನಲ್ಲ, ಮೇಷ್ಟ್ರು. ಆದ್ದರಿಂದ ಔಷಧ ಹೇಳುವುದಿಲ್ಲ. ಪಾಠ ಹೇಳುತ್ತೇನೆ.

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹಠಾತ್ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಟಿವಿಯಲ್ಲಿ ದಿನವೂ ಎಣಿಕೆ ನಡೆಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಎದೆಯಲ್ಲಿ ಸ್ವಲ್ಪ ಗ್ಯಾಸ್ ಆದವರೂ ಓಡಿದರು, ಏನೂ ಆಗದವರೂ ಓಡಿದರು. ಕೋವಿಡ್ ಲಸಿಕೆಯೇ ಕಾರಣ ಎಂದು ಮೊಬೈಲುಗಳಲ್ಲಿ ಮಾತು ಹರಿದಾಡಿತು.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಎಂದು ತಿಳಿಯಿತು. ಉಳಿದ 20ರಲ್ಲಿ ಅರ್ಧದಷ್ಟು ಹೃದಯದ ಕಾರಣಕ್ಕೇ ಆದದ್ದೆಂದು ಖಚಿತವಾಯಿತು, ಉಳಿದರ್ಧ ಹಾಗಿರಬಹುದು ಎಂದಾಯಿತು. ಲಸಿಕೆಗೂ ಈ ಸಾವುಗಳಿಗೂ ನಂಟು ಕಂಡುಬರಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಬೊಜ್ಜು, ಮನೆತನದಲ್ಲಿ ಬಂದ ಹೃದ್ರೋಗ. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರು ಎದ್ದು ಕಾಣುವಷ್ಟಿದ್ದರು. ನಮ್ಮ ಸಮುದಾಯದಲ್ಲಿ ಆ ಕಸುಬಿನವರು ಎಷ್ಟು ಮನೆಗಳಲ್ಲಿದ್ದಾರೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಅದರ ನಂತರ ನಮ್ಮ ಟ್ರಸ್ಟಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಹೊಸ ಪದಗಳು ಕಾಣಿಸಿಕೊಂಡವು. 'ಸ್ಟೆಂಟ್' ಎಲ್ಲರಿಗೂ ಗೊತ್ತಾಗಿದೆ. ಈಗ ಅಂದಾಜು ಪಟ್ಟಿಯಲ್ಲಿ 'ಐವಸ್ ಕ್ಯಾತಿಟರ್', 'ಒಸಿಟಿ ಕ್ಯಾತಿಟರ್' ಎಂದೂ ಬರೆದಿರುತ್ತದೆ, ಪಕ್ಕದಲ್ಲಿ ದೊಡ್ಡ ಮೊತ್ತ ಇರುತ್ತದೆ. ಇದು ಬೇಕೇ, ಆಸ್ಪತ್ರೆಯವರು ಸುಮ್ಮನೆ ಸೇರಿಸಿದ್ದೇ ಎಂದು ಮನೆಯವರು ಕೇಳುತ್ತಾರೆ. ದಾನಿಗಳ ಹಣ ಖರ್ಚು ಮಾಡುವ ನಾವೂ ಅದನ್ನು ತಿಳಿದಿರಬೇಕು. ಹಾಗಾಗಿ ಈ ಪಾಠ.

ಮೊದಲು ಅಳತೆ. ಹೃದಯ ಇಡೀ ಮೈಗೆ ರಕ್ತ ಕಳಿಸುತ್ತದೆ. ಆದರೆ ತನಗೆ ಬೇಕಾದ ರಕ್ತವನ್ನು ತನ್ನ ಮೇಲ್ಮೈಯಲ್ಲಿ ಹರಡಿರುವ ಸಣ್ಣ ನಾಳಗಳಿಂದಲೇ ಪಡೆಯಬೇಕು. ಅವುಗಳ ಒಳಗಿನ ಅಗಲ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ಮಿಲಿಮೀಟರು, ಹೆಚ್ಚುಕಡಿಮೆ ಒಂದು ಊದುಕಡ್ಡಿಯ ದಪ್ಪ. ವರ್ಷಗಟ್ಟಲೆ ಆ ನಾಳದ ಗೋಡೆಯಲ್ಲಿ ಕೊಬ್ಬು ಸೇರುತ್ತದೆ, ಕೆಲವರಲ್ಲಿ ಸುಣ್ಣದಂತೆ ಗಟ್ಟಿಯಾಗುತ್ತದೆ. ಒಂದು ದಿನ ಆ ಕೊಬ್ಬಿನ ಮೇಲಿನ ಪೊರೆ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ.

ಹೃದಯದ ದಾರಿ ಹುಡುಕಿದ ಕಥೆ ಹಳೆಯದು. ಬಲಗಡೆಯ ರಕ್ತ ಶ್ವಾಸಕೋಶದ ಮೂಲಕ ಹಾದೇ ಎಡಗಡೆಗೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಡಮಾಸ್ಕಸ್‌ನಲ್ಲಿ ಓದಿ ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್. ಅದಕ್ಕೂ ಸಾವಿರ ವರ್ಷ ಹಿಂದಿನಿಂದ ಎಲ್ಲರೂ ಒಪ್ಪಿಕೊಂಡು ಬಂದಿದ್ದ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತು ಸರಿಯಲ್ಲ ಎಂದು ಹೇಳುವ ಧೈರ್ಯ ಅವರಿಗಿತ್ತು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳಕ್ಕೆ ತಾನೇ ತೆಳು ನಳಿಕೆ ತೂರಿಸಿ, ಅದನ್ನು ಹೃದಯದವರೆಗೆ ತಳ್ಳಿ, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡರು. ಆಗ ಬೈಸಿಕೊಂಡರು, 1956ರಲ್ಲಿ ನೊಬೆಲ್ ಪಡೆದರು. ಆ ನಳಿಕೆಯೇ ಕ್ಯಾತಿಟರ್.

ಮುಂದಿನ ಹೆಜ್ಜೆ ಬಲೂನಿನದು. ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ಕೂತು ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟುವ ಪ್ರಯೋಗ ಮಾಡಿದರು. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 38 ವರ್ಷದ ರೋಗಿಯೊಬ್ಬರ ಹೃದಯದ ನಾಳವನ್ನು ಎದೆ ಸೀಳದೆ ಬಲೂನಿನಿಂದ ಅಗಲ ಮಾಡಿದರು. ಇದೇ ಆಂಜಿಯೋಪ್ಲಾಸ್ಟಿ. ಬಲೂನು ತೆಗೆದ ಮೇಲೆ ನಾಳ ಮತ್ತೆ ಕುಗ್ಗುತ್ತಿತ್ತು. ಅದಕ್ಕೆ 1986ರಿಂದ ಲೋಹದ ಜಾಲರಿ, ಅಂದರೆ ಸ್ಟೆಂಟ್, ಬಂತು.

ಮಕ್ಕಳೇ, ಈ ಬಲೂನಿಗೆ ಗಾಳಿ ತುಂಬುವುದಿಲ್ಲ. ಒಡೆದರೆ ಗಾಳಿಗುಳ್ಳೆ ರಕ್ತಕ್ಕೆ ಸೇರಿ ಅಪಾಯ. ಹಾಗಾಗಿ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವಾಯುಮಂಡಲದಷ್ಟು. ಕಾರಿನ ಟೈರಿನಲ್ಲಿ ಎರಡು, ಎರಡೂವರೆ ಇರುತ್ತದೆ. ಊದುಕಡ್ಡಿ ದಪ್ಪದ ನಾಳದೊಳಗೆ ಟೈರಿನ ಐದಾರು ಪಟ್ಟು ಒತ್ತಡ! ಆದ್ದರಿಂದಲೇ ಅಳತೆ ತಪ್ಪಬಾರದು. ಬಲೂನು ದೊಡ್ಡದಾದರೆ ನಾಳ ಹರಿಯಬಹುದು. ಸ್ಟೆಂಟ್ ಚಿಕ್ಕದಾದರೆ ಗೋಡೆಗೆ ಅಂಟದೆ ನಿಂತು, ಅಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟಬಹುದು.

ಅಳತೆ ಹೇಗೆ ತಿಳಿಯುತ್ತದೆ? ಈವರೆಗೆ ಮುಖ್ಯವಾಗಿ ಆಂಜಿಯೋಗ್ರಾಂನಿಂದ. ನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದು. ಆದರೆ ಆಂಜಿಯೋಗ್ರಾಂ ತೋರಿಸುವುದು ನೆರಳನ್ನು. ಗೋಡೆಯ ಮೇಲೆ ಕೈಯ ನೆರಳು ಬಿದ್ದರೆ ಬೆರಳ ದಪ್ಪ ನಿಜವಾಗಿ ಎಷ್ಟು, ಚರ್ಮ ಒರಟೋ ನಯವೋ ಎಂದು ಹೇಳಲಾಗುವುದಿಲ್ಲ. ಹಾಗೆಯೇ ರಕ್ತ ಹರಿಯುವ ದಾರಿ ಎಷ್ಟು ಕಿರಿದಾಗಿದೆ ಎಂದು ಕಾಣುತ್ತದೆ, ಗೋಡೆಯೊಳಗೆ ಏನಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ.

ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾದರೆ ಏನು ಮಾಡುತ್ತೀರಿ? ಕುರುಡಾಗಿ ಫ್ಲಶಿಂಗ್ ಮಾಡಿಸುವವರಿದ್ದಾರೆ. ತಿಳಿದವರು ಮೊದಲು ಕ್ಯಾಮೆರಾ ಇಳಿಸಿ ನೋಡುತ್ತಾರೆ. ಎಷ್ಟು ಅಡಿಯಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಕಲ್ಲು ಅಡ್ಡ ಬಂದಿದೆ, ಕೇಸಿಂಗ್ ಎಲ್ಲಿಯವರೆಗೆ ಬೇಕು ಎಂದು ತಿಳಿದುಕೊಂಡು ಕೆಲಸ ಮಾಡಿಸುತ್ತಾರೆ. ರಕ್ತನಾಳದಲ್ಲಿ ಸ್ಟೆಂಟ್ ಎಂದರೆ ಕೇಸಿಂಗ್ ಪೈಪ್ ಇದ್ದಂತೆ. ಕ್ಯಾಮೆರಾ ಯಾವುದು? ಅದಕ್ಕೆ ಎರಡು ಬಗೆ.

ಮೊದಲನೆಯದು ಶಬ್ದದಿಂದ ನೋಡುವುದು. ಇದನ್ನು ಐವಸ್ ಎನ್ನುತ್ತಾರೆ. ಬಾವಲಿ ಕತ್ತಲಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ದಾರಿ ಕಂಡುಕೊಳ್ಳುತ್ತದೆ ಎಂದು ತರಗತಿಯಲ್ಲಿ ಓದಿದ್ದೀರಿ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಕೂಡ ಅದೇ ತತ್ವ. ಇಲ್ಲಿ ಆ ಯಂತ್ರವನ್ನೇ ಒಂದು ಮಿಲಿಮೀಟರಿನಷ್ಟು ದಪ್ಪದ ನಳಿಕೆಯ ತುದಿಗೆ ಕುಗ್ಗಿಸಿದ್ದಾರೆ. ಅದು ಸೆಕೆಂಡಿಗೆ ಎರಡು ಕೋಟಿಗೂ ಹೆಚ್ಚು ಕಂಪನದ ಶಬ್ದ ಹೊರಡಿಸುತ್ತದೆ. ನಮ್ಮ ಕಿವಿ ಕೇಳುವುದು ಇಪ್ಪತ್ತು ಸಾವಿರದವರೆಗೆ ಮಾತ್ರ. ಗೋಡೆಯಿಂದ ಮರಳಿದ ಪ್ರತಿಧ್ವನಿಯನ್ನು ಕಂಪ್ಯೂಟರ್ ಚಿತ್ರವಾಗಿ ಮಾಡುತ್ತದೆ. ಬಾಳೆದಿಂಡನ್ನು ಅಡ್ಡ ಕೊಯ್ದರೆ ಸುತ್ತು ಸುತ್ತಾಗಿ ಪದರಗಳು ಕಾಣುವಂತೆ, ನಾಳದ ಪದರಗಳು ಪರದೆಯ ಮೇಲೆ ಕಾಣುತ್ತವೆ.

ಎರಡನೆಯದು ಬೆಳಕಿನಿಂದ ನೋಡುವುದು, ಒಸಿಟಿ. ಅಮೆರಿಕದ ಎಂಐಟಿಯಲ್ಲಿ 1991ರಲ್ಲಿ ಇದನ್ನು ಪ್ರಕಟಿಸಿದರು. ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ನೋಡಲು ಇದನ್ನು ಈಗಾಗಲೇ ನಿಮ್ಮಲ್ಲಿ ಕೆಲವರಿಗೆ ಮಾಡಿರುತ್ತಾರೆ. ಇದರ ಚಿತ್ರ ಐವಸ್‌ಗಿಂತ ಸುಮಾರು ಹತ್ತು ಪಟ್ಟು ಸೂಕ್ಷ್ಮ. ಕೂದಲಿನ ದಪ್ಪಕ್ಕಿಂತ ಸಣ್ಣದನ್ನೂ ಗುರುತಿಸುತ್ತದೆ. ಆದರೆ ಬೆಳಕು ಗೋಡೆಯೊಳಗೆ ಹೆಚ್ಚು ಆಳಕ್ಕೆ ಹೋಗದು, ಮತ್ತು ರಕ್ತ ಅಡ್ಡವಿದ್ದರೆ ಕಾಣದು. ಬಣ್ಣದ ದ್ರವ ಬಿಟ್ಟು ಒಂದು ಗಳಿಗೆ ರಕ್ತ ಸರಿಸಬೇಕು. ಕಿಡ್ನಿ ದುರ್ಬಲವಿರುವವರಿಗೆ ಆ ದ್ರವ ಹೆಚ್ಚು ಕೊಡುವುದು ಒಳ್ಳೆಯದಲ್ಲ. ಆದ್ದರಿಂದ ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಈಗ ಎಂಜಿನಿಯರಿಂಗ್ ಓದುವ ಮಕ್ಕಳು ಗಮನಿಸಬೇಕಾದ ಮಾತು. ಸಾಮಾನ್ಯ ಪದ್ಧತಿಯಲ್ಲಿ ಕೂದಲೆಳೆಯಂಥ ಒಂದು ತಂತಿಯನ್ನು ಬ್ಲಾಕ್ ದಾಟಿಸುತ್ತಾರೆ. ಆ ತಂತಿಯ ಮೇಲೆ ನೋಡುವ ಕ್ಯಾತಿಟರ್ ಕಳಿಸಿ, ವಾಪಸ್ ಎಳೆದು, ಬಲೂನ್ ಕ್ಯಾತಿಟರ್ ಕಳಿಸಿ, ಎಳೆದು, ಸ್ಟೆಂಟ್ ಕಳಿಸಿ, ಮತ್ತೆ ನೋಡುವ ಕ್ಯಾತಿಟರ್ ಕಳಿಸುತ್ತಾರೆ. ಪ್ರತಿ ಸಲವೂ ಸಮಯ ಬೇಕು. ಹಾಗಾದರೆ ಕಣ್ಣನ್ನೂ ಕೈಯನ್ನೂ ಒಂದೇ ನಳಿಕೆಯಲ್ಲಿ ಸೇರಿಸಿದರೆ? ಬಲೂನಿನ ಜೊತೆಯಲ್ಲೇ ಅಲ್ಟ್ರಾಸೌಂಡ್ ಯಂತ್ರ ಕೂರಿಸಿದರೆ? ಅಮೆರಿಕದ ವೈದ್ಯ ಜೆಫ್ರಿ ಇಸ್ನರ್ ಮತ್ತು ಸಂಗಡಿಗರು ಇಂಥ ಜೋಡಿ ಕ್ಯಾತಿಟರ್‌ನ ಅನುಭವವನ್ನು 1991ರಲ್ಲೇ ಪ್ರಕಟಿಸಿದರು. ಬಲೂನು ಉಬ್ಬಿಸಿದಾಗ ಗಟ್ಟಿ ಪದರ ಎಲ್ಲಿ ಬಿರಿಯಿತು, ಇಳಿಸಿದ ಕೂಡಲೇ ಗೋಡೆ ರಬ್ಬರಿನಂತೆ ಎಷ್ಟು ಹಿಂದಕ್ಕೆ ಬಂತು ಎಂಬುದನ್ನು ಅಲ್ಲೇ ಕಾಣಲು ಅದರಿಂದ ಸಾಧ್ಯವಾಯಿತು. ಆಮೇಲೆ ಇಂಥವು ಮಾರುಕಟ್ಟೆಗೂ ಬಂದವು.

ಹಾಗಿದ್ದರೆ ಎಲ್ಲ ಕಡೆ ಅದನ್ನೇ ಏಕೆ ಬಳಸುವುದಿಲ್ಲ? ಎರಡು ಯಂತ್ರ ಸೇರಿದಾಗ ನಳಿಕೆ ದಪ್ಪವಾಗುತ್ತದೆ, ತುದಿ ಬಾಗುವ ಗುಣ ಕಡಿಮೆಯಾಗುತ್ತದೆ. ಕಿರಿದಾದ, ಸುತ್ತಿಕೊಂಡ ನಾಳಗಳಲ್ಲಿ ಹೋಗುವುದು ಕಷ್ಟ. ಕ್ಯಾತಿಟರ್ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರು. ಮಣಿಕಟ್ಟಿನಿಂದ ಹೋಗುವ ಹೊರನಳಿಕೆ ಸಾಮಾನ್ಯವಾಗಿ ಆರು ಫ್ರೆಂಚ್, ಅಂದರೆ ಎರಡೇ ಮಿಲಿಮೀಟರು. ಅದರೊಳಗೆ ಎಲ್ಲವೂ ಹೋಗಬೇಕು. ಬೇರೆ ಅಳತೆಯ ಬಲೂನು ಬೇಕಾದರೆ ಕಣ್ಣಿನ ಸಮೇತ ಇಡೀ ಕ್ಯಾತಿಟರನ್ನೇ ಬದಲಿಸಬೇಕು, ಹಣ ಹೋಗುತ್ತದೆ. ಆದ್ದರಿಂದ ಇಂದಿಗೂ ಹೆಚ್ಚಿನ ಕಡೆ ಕಣ್ಣು ಬೇರೆ, ಕೈ ಬೇರೆ. ಕೂದಲೆಳೆಯಷ್ಟು ತೆಳುವಾಗಿ, ಕಡಿಮೆ ಬೆಲೆಗೆ ಎರಡನ್ನೂ ಸೇರಿಸುವ ಲೆಕ್ಕ ಇನ್ನೂ ಪೂರ್ತಿ ಬಿಡಿಸಿಲ್ಲ. ಬಿಡಿಸುವವರು ನಮ್ಮ ಜಿಲ್ಲೆಯವರೇ ಏಕಾಗಬಾರದು?

ಒಳಗೆ ನೋಡಿ ಮಾಡುವುದರಿಂದ ನಿಜವಾಗಿ ಉಪಯೋಗವಿದೆಯೇ? ದಕ್ಷಿಣ ಕೊರಿಯಾದಲ್ಲಿ 1,639 ಜನರ ಮೇಲೆ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎಲ್ಲರದ್ದೂ ಜಟಿಲವಾದ ಬ್ಲಾಕ್‌ಗಳೇ. ಸುಮಾರು ಎರಡು ವರ್ಷದ ಅವಧಿಯಲ್ಲಿ ಹೃದಯದ ಸಾವು, ಅದೇ ನಾಳದಿಂದ ಮತ್ತೆ ಆಘಾತ, ಮತ್ತೆ ಚಿಕಿತ್ಸೆ, ಇವೆಲ್ಲ ಸೇರಿ ಆಂಜಿಯೋಗ್ರಾಂ ಮಾತ್ರ ನೋಡಿ ಮಾಡಿದವರಲ್ಲಿ ಶೇ. 12.3, ಒಳಗೂ ನೋಡಿ ಮಾಡಿದವರಲ್ಲಿ ಶೇ. 7.7. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ, ಅಮೆರಿಕದವರು 2025ರಲ್ಲಿ, ಎಡಭಾಗದ ಮುಖ್ಯ ನಾಳ ಅಥವಾ ಜಟಿಲ ಬ್ಲಾಕ್‌ಗಳಿಗೆ ಸ್ಟೆಂಟ್ ಹಾಕುವಾಗ ಒಳಗಿನ ಚಿತ್ರಣ ಬಳಸಬೇಕೆಂದು ತಮ್ಮ ಮಾರ್ಗಸೂಚಿಯಲ್ಲಿ ಗಟ್ಟಿಯಾಗಿ ಶಿಫಾರಸು ಮಾಡಿದರು.

ಇದರ ಅರ್ಥ ಸ್ಪಷ್ಟ. ಎಡಗಡೆಯ ಮುಖ್ಯ ನಾಳ, ಕವಲೊಡೆಯುವ ಜಾಗ, ಉದ್ದನೆಯ ಬ್ಲಾಕ್, ಸುಣ್ಣಗಟ್ಟಿದ ನಾಳ, ಹಳೆಯ ಸ್ಟೆಂಟ್ ಮತ್ತೆ ಮುಚ್ಚಿದ್ದು, ಇಂಥ ಕಡೆ ಐವಸ್ ಅಥವಾ ಒಸಿಟಿ ಎಂದು ಬರೆದಿದ್ದರೆ ಅದು ಅನಗತ್ಯ ಖರ್ಚಲ್ಲ. ಸರಳವಾದ ಒಂದು ಚಿಕ್ಕ ಬ್ಲಾಕ್‌ಗೆ ಬರೆದಿದ್ದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳುವುದು ವೈದ್ಯರಿಗೆ ಅವಮಾನವಲ್ಲ.

ಆದರೆ ಇದಕ್ಕಿಂತ ದೊಡ್ಡ ಮಾತೊಂದಿದೆ. ಎಷ್ಟೇ ಒಳ್ಳೆಯ ಕ್ಯಾತಿಟರ್ ಇದ್ದರೂ, ತಡವಾಗಿ ಬಂದವರಿಗೆ ಅದು ಪೂರ್ತಿ ನೆರವಾಗದು. ನಾಳ ಪೂರ್ತಿ ಮುಚ್ಚಿದರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ. ಅರಕಲಗೂಡಿನ ಹಳ್ಳಿಯಿಂದ ಮೈಸೂರಿಗೆ ನೇರವಾಗಿ ಹೊರಟರೆ ದಾರಿಯಲ್ಲೇ ಆ ಸಮಯ ಕಳೆಯುತ್ತದೆ. ಎರಡು ಗಂಟೆಯೊಳಗೆ ಬಲೂನ್ ಚಿಕಿತ್ಸೆ ಸಿಗದು ಎಂದಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲು ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದು ಒಪ್ಪಿತ ಕ್ರಮ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದಕ್ಕೇ ಹುಟ್ಟಿದ್ದು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಅವರು ಹೃದಯಾಘಾತವೆಂದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆದ್ದರಿಂದ ಎದೆ ಒತ್ತಿ ಹಿಡಿದಂತಾಗಿ, ಬೆವರಿ, ನೋವು ಎಡಗೈಗೆ ಅಥವಾ ದವಡೆಗೆ ಹರಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೆಂಗಸರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಬಾರದೆ ಬರೀ ಸುಸ್ತು, ಉಸಿರಾಟದ ತೊಂದರೆ, ವಾಕರಿಕೆಯಾಗಿ ಬರಬಹುದು. ಅಮ್ಮ ಕೆಲಸ ಮಾಡಿ ದಣಿದಿದ್ದಾಳೆ ಎಂದು ಬಿಡಬೇಡಿ.

ಈಗ ದುಡ್ಡಿನ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಎಂದಿತು. ಅದಕ್ಕೂ ಮೊದಲು ಲಕ್ಷ ದಾಟುತ್ತಿದ್ದ ವಸ್ತು ಅದು. ನಂತರ ಮಿತಿಯನ್ನು ಆಗಾಗ ಪರಿಷ್ಕರಿಸಿದ್ದಾರೆ. ಆದರೆ ಬಲೂನು, ತಂತಿ, ನೋಡುವ ಕ್ಯಾತಿಟರ್‌ಗಳಿಗೆ ಅಂಥ ಮಿತಿ ಬೆಲೆ ಹಾಕಿಲ್ಲ. ಅಂದಾಜು ಪಟ್ಟಿಯಲ್ಲಿ ಸ್ಟೆಂಟ್ ಅಗ್ಗವಾಗಿ ಕಂಡರೂ ಒಟ್ಟು ಮೊತ್ತ ಏಕೆ ಹೆಚ್ಚು ಎಂದು ಕೇಳುವವರಿಗೆ ಉತ್ತರ ಅಲ್ಲಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಇದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚೀಟಿಯಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ, ಒಡವೆ ಅಡವಿಟ್ಟು ಕಟ್ಟಿದ ಮೇಲೆ ನಮ್ಮ ಹತ್ತಿರ ಬರಬೇಡಿ. ಹೊರಡುವ ಮೊದಲು ಬನ್ನಿ.

ತುರ್ತಿಲ್ಲದಾಗ ಮನೆಯವರು ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ.

1. ಇದು ಇವತ್ತೇ ಆಗಬೇಕೋ, ಯೋಚಿಸಲು ಸಮಯವಿದೆಯೋ?
2. ಬ್ಲಾಕ್ ಯಾವ ನಾಳದಲ್ಲಿದೆ? ಮಾತ್ರೆ, ಸ್ಟೆಂಟ್, ಬೈಪಾಸ್, ಮೂರರಲ್ಲಿ ಇದೇ ಏಕೆ?
3. ಒಳಗೆ ನೋಡುವ ಕ್ಯಾತಿಟರ್ ಬಳಸುತ್ತೀರಾ? ನಮ್ಮ ರೋಗಿಗೆ ಅದರಿಂದ ಏನು ತಿಳಿಯುತ್ತದೆ?
4. ಸರ್ಕಾರಿ ಯೋಜನೆಯಲ್ಲಿ ಏನೇನು ಸೇರಿದೆ, ಕೈಯಿಂದ ಏನು ಕೊಡಬೇಕು? ಬರೆದು ಕೊಡುತ್ತೀರಾ?
5. ಆಮೇಲೆ ಯಾವ ಮಾತ್ರೆ, ಎಷ್ಟು ಕಾಲ?

ಐದನೆಯ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಮೈ ಹಗುರವಾಯಿತೆಂದು ತಾವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಲಕ್ಷದ ಕೆಲಸ ಮಾತ್ರೆಯಲ್ಲಿ ಕೆಡುತ್ತದೆ. ರಂಜಾನಿನಲ್ಲಿ ರೋಜಾ ಹಿಡಿಯುವ ಆಸೆಯಿಂದ ಮಾತ್ರೆ ಬಿಡುವವರಿದ್ದಾರೆ. ಉಪವಾಸದ ತಿಂಗಳಿಗೆ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೊಂದು ಸಲದ ಮಾತ್ರೆಯನ್ನು ಸೆಹ್ರಿಗೋ ಇಫ್ತಾರಿಗೋ ಹೊಂದಿಸಲು ಆಗಬಹುದು. ಈಚೆಗೆ ಆಘಾತವಾದವರಿಗೆ ಬೇಡವೆಂದರೆ ಒಪ್ಪಿಕೊಳ್ಳಿ. ಕಾಯಿಲೆಯವರಿಗೆ ವಿನಾಯಿತಿಯನ್ನು ನಮ್ಮ ದೀನೇ ಕೊಟ್ಟಿದೆ.

ದಾನಿಗಳಲ್ಲಿ ಒಂದು ವಿನಂತಿ. ಆಪರೇಷನ್‌ಗೆ ಎಂದರೆ ಎಲ್ಲರೂ ಕೈ ಬಿಚ್ಚಿ ಕೊಡುತ್ತಾರೆ. ಅದರ ನಂತರದ ಹನ್ನೆರಡು ತಿಂಗಳ ಮಾತ್ರೆಗೆ ಕೇಳಿದರೆ ಮನಸ್ಸು ಬರುವುದಿಲ್ಲ, ಅದು ಕಣ್ಣಿಗೆ ಕಾಣುವ ದಾನವಲ್ಲ. ಸ್ಟೆಂಟ್ ಹಾಕಿಸಿಕೊಂಡ ಆಟೋ ಡ್ರೈವರ್ ಎಂಟನೇ ತಿಂಗಳಲ್ಲಿ ದುಡಿಮೆ ಕಡಿಮೆಯಾಗಿ ಮಾತ್ರೆ ಬಿಟ್ಟರೆ ನಿಮ್ಮ ಮೊದಲ ದಾನವೂ ನೀರಿನಲ್ಲಿ ಹೋಮವಾದಂತೆ. ಒಬ್ಬ ದಾನಿ ಒಬ್ಬ ರೋಗಿಯ ಒಂದು ವರ್ಷದ ಮಾತ್ರೆ ವಹಿಸಿಕೊಳ್ಳಲಿ. ಟ್ರಸ್ಟ್ ಆ ಲೆಕ್ಕವನ್ನು ಬೇರೆಯಾಗಿ ಇಡಲಿ.

ಕೊನೆಯದಾಗಿ ಮಕ್ಕಳಿಗೆ ಮತ್ತು ಅವರ ತಂದೆತಾಯಿಯರಿಗೆ. ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯಲ್ಲಿ ಹುಟ್ಟಿದ ಡಾ. ಸಿ.ಎನ್. ಮಂಜುನಾಥ್ ಹೃದಯದ ಕವಾಟವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆಯಲ್ಲಿ ಹೆಸರಾದರು. ಜಯದೇವ ಸಂಸ್ಥೆಯ ನಿರ್ದೇಶಕರಾಗಿ 'ಮೊದಲು ಚಿಕಿತ್ಸೆ, ಆಮೇಲೆ ಹಣ' ಎಂಬ ಕ್ರಮಕ್ಕಾಗಿ ಜನ ಅವರನ್ನು ನೆನೆಯುತ್ತಾರೆ. ನಮ್ಮ ಜಿಲ್ಲೆಯ ಹಳ್ಳಿಯಿಂದ ಅಲ್ಲಿಗೆ ದಾರಿ ಇದೆ ಎಂಬುದಕ್ಕೆ ಸಾಕ್ಷಿ ಬೇರೆ ಬೇಡ.

ಆದರೆ ಎಲ್ಲರಿಗೂ ಎಂಬಿಬಿಎಸ್ ಸೀಟು ಸಿಗದು. ಸಿಗದಿದ್ದರೆ ಬದುಕು ಮುಗಿಯಿತೆಂದು ಕೂರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಕ್ಯಾತ್‌ಲ್ಯಾಬಿನಲ್ಲಿ ವೈದ್ಯರು ಒಬ್ಬರೇ ಇರುವುದಿಲ್ಲ. ಪಕ್ಕದಲ್ಲಿ ಒತ್ತಡ, ಇಸಿಜಿ ಗಮನಿಸುವ, ಐವಸ್ ಚಿತ್ರವನ್ನು ಪರದೆಗೆ ತರುವ, ಸರಿಯಾದ ಅಳತೆಯ ಬಲೂನು ಎತ್ತಿಕೊಡುವ ತಂತ್ರಜ್ಞರು ಇರುತ್ತಾರೆ. ಅದಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ, ಇಮೇಜಿಂಗ್ ಟೆಕ್ನಾಲಜಿ, ಪರ್ಫ್ಯೂಷನ್ ಟೆಕ್ನಾಲಜಿ ಕೋರ್ಸುಗಳಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದು. ಈ ವೃತ್ತಿಗಳಿಗೆ 2021ರಲ್ಲಿ ಕೇಂದ್ರ ಕಾಯ್ದೆಯ ಮಾನ್ಯತೆಯೂ ಬಂದಿದೆ. ಹೆಣ್ಣುಮಕ್ಕಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಹೃದಯದ ತಪಾಸಣೆಗೆ ಬರುವ ನಮ್ಮ ತಾಯಂದಿರು ಮೊದಲು ಹುಡುಕುವುದು ಒಂದು ಹೆಣ್ಣುಮಗಳ ಮುಖವನ್ನು.

ನಮ್ಮ ವಿದ್ಯಾರ್ಥಿವೇತನದ ಅರ್ಜಿಗಳನ್ನು ತೆಗೆದು ನೋಡಿ. ಎಂಜಿನಿಯರಿಂಗ್, ಬಿಕಾಂ, ಡಿಎಡ್ ತುಂಬಿವೆ. ಈ ಕೋರ್ಸುಗಳ ಹೆಸರು ಕಾಣುವುದೇ ಅಪರೂಪ. ಕಾರಣ ಮಕ್ಕಳ ದಡ್ಡತನವಲ್ಲ, ಯಾರೂ ಹೇಳದೇ ಇರುವುದು. ಆದ್ದರಿಂದ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಪ್ರಕಟಣೆಯಲ್ಲಿ 'ವೃತ್ತಿಪರ ಕೋರ್ಸುಗಳು' ಎಂದು ಒಂದೇ ಪದದಲ್ಲಿ ಮುಗಿಸದೆ ಈ ಕೋರ್ಸುಗಳ ಹೆಸರನ್ನು ಒಂದೊಂದಾಗಿ ಅಚ್ಚು ಹಾಕಿಸಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪಿಯು ಕಾಲೇಜುಗಳ ಫಲಕದಲ್ಲಿ ಅಂಟಿಸಿ. ಫೀಜಿನ ಜೊತೆಗೆ ಇಂಟರ್ನ್‌ಶಿಪ್ ಕಾಲದ ಹಾಸ್ಟೆಲ್ ಖರ್ಚನ್ನೂ ಸೇರಿಸಿ, ಬಡ ಮಕ್ಕಳು ಕೈಬಿಡುವುದು ಆ ಹಂತದಲ್ಲೇ.

ಪೋಷಕರೇ, ನಿಮ್ಮ ಮಕ್ಕಳ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ತೆಗೆದುಕೊಂಡು ಬರುವ ದಿನ ಇನ್ನೊಂದು ಕಾಗದವನ್ನೂ ತನ್ನಿ. ಅದರಲ್ಲಿ ಮನೆಯಲ್ಲಿ ನಲವತ್ತು ದಾಟಿದವರ ಬಿಪಿ ಎಷ್ಟು, ಸಕ್ಕರೆ ಎಷ್ಟು ಎಂದು ಬರೆಸಿಕೊಂಡು ಬನ್ನಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಅದನ್ನು ನೋಡುತ್ತಾರೆ. ಮಗನ ಫೀಜು ನಾವು ಕಟ್ಟಬಹುದು. ಅವನು ಓದು ಮುಗಿಸುವವರೆಗೆ ಅವನ ತಂದೆ ಬದುಕಿರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಅಲ್ಲಾಹನು ಎಲ್ಲರಿಗೂ ಆರೋಗ್ಯ ಕೊಡಲಿ.